ರೆಂಬ್ರಾಂಟ್ ಬರೆದ ಮಕ್ಕಳು



ಪರದೆಯ ಮೇಲಿರುವ ಈ ರೇಖಾಚಿತ್ರವನ್ನು ರೆಂಬ್ರಾಂಟ್ ಬರೆದದ್ದು ಸುಮಾರು 1635ರಲ್ಲಿ. ಮೂಲ ಪ್ರತಿ ಬರ್ಲಿನ್ನಿನಲ್ಲಿದೆ. ರಚ್ಚೆ ಹಿಡಿದ ಹುಡುಗನನ್ನು ಹೆಂಗಸೊಬ್ಬಳು ಬಿಗಿಯಾಗಿ ಅವುಚಿಕೊಂಡಿದ್ದಾಳೆ. ಅವನು ಕಾಲು ಝಾಡಿಸಿದ ರಭಸಕ್ಕೆ ಬಟ್ಟೆ ಮೇಲೆ ಸರಿದಿದೆ, ಒಂದು ಪಾದರಕ್ಷೆ ಕಳಚಿ ಬೀಳುತ್ತಿದೆ. ಹಿಂದಿನಿಂದ ಮುದುಕಿಯೊಬ್ಬಳು ಬೆರಳೆತ್ತಿ ಗದರುತ್ತಿದ್ದಾಳೆ. ಇಂಥ ಮಗುವಿಗೆ ‘ಸ್ವಲ್ಪ ಹಾಗೇ ಇರು’ ಎಂದು ಯಾವ ಕಲಾವಿದನೂ ಹೇಳಲಾರ. ಕಣ್ಣು ಕಂಡದ್ದನ್ನು ಕೈ ಕೂಡಲೇ ನಂಬಬೇಕು, ತಿದ್ದಲು ಹೊತ್ತಿಲ್ಲ. ಬಿರುಸಾಗಿ ಬಂದ ಈ ಗೆರೆಗಳನ್ನು ‘ಅರ್ಧಂಬರ್ಧ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಳಚುವ ಆ ಪಾದರಕ್ಷೆಗೆ ಇನ್ನೇನು ಸೇರಿಸಬೇಕಿತ್ತು?

ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಇನ್ನೊಂದನ್ನು ನೋಡೋಣ. ಕಾಲ ಸುಮಾರು 1656. ಕಂದು ಶಾಯಿ, ಹೆಚ್ಚುಕಡಿಮೆ ನಮ್ಮ ಅಂಚೆ ಕಾರ್ಡಿನಷ್ಟೇ ಅಳತೆ. ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ ಇದನ್ನು ಎಲ್ಲ ರೇಖಾಚಿತ್ರಗಳಿಗಿಂತ ಮೇಲೆಂದು ಕೊಂಡಾಡಿದ್ದಾರೆ. ತಾಯಿಯೂ ಅಕ್ಕನೂ ಮಗುವನ್ನು ಎರಡೂ ಕಡೆಯಿಂದ ಹಿಡಿದು ನಡೆಸುತ್ತಿದ್ದಾರೆ; ಎದುರಿಗೆ ಅಪ್ಪ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ್ದಾನೆ. ಮಗುವಿನ ಮುಖಕ್ಕೆ ಒಂದೆರಡು ಗೀಟುಗಳಷ್ಟೆ. ಆದ್ದರಿಂದ ಅಲ್ಲಿಂದ ಶುರುಮಾಡಬೇಡಿ. ದೊಡ್ಡವರ ಬೆನ್ನುಗಳನ್ನು ನೋಡಿ. ಅಕ್ಕ ಬಗ್ಗಿರುವುದು ಕಡಿಮೆ, ಅವಳಿಗೆ ಎತ್ತರವೇ ಇಲ್ಲ. ತಾಯಿ ಮಗುವಿನ ಮಟ್ಟಕ್ಕೆ ಬಾಗಬೇಕು. ಎಲ್ಲರ ಮೈಯೂ ಮಗುವಿನ ಅಳತೆಗೆ ಇಳಿದಿದೆ.

ರೆಂಬ್ರಾಂಟ್ ಮತ್ತು ಸಾಸ್ಕಿಯಾ ದಂಪತಿಯ ಮೊದಲ ಮೂರು ಮಕ್ಕಳು ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡವು. ಬದುಕಿ ದೊಡ್ಡವನಾದವನು 1641ರಲ್ಲಿ ಹುಟ್ಟಿದ ಟೈಟಸ್ ಒಬ್ಬನೇ. ಆ ದುಃಖವೇ ಗೆರೆಯಾಯಿತೆಂದು ನಾನು ಹೇಳಲಾರೆ. ಆದರೆ ಮಗುವಿನ ಒಂದೊಂದು ಹೆಜ್ಜೆಯೂ ಎಷ್ಟು ದೊಡ್ಡದೆಂದು ಬಲ್ಲ ಮನೆಯವನು ಇದನ್ನು ಬರೆದ ಎಂಬುದನ್ನು ಮರೆತು ನೋಡುವುದೂ ನನ್ನಿಂದಾಗದು.

ಚಿತ್ರದಲ್ಲಿ ಇನ್ನೊಬ್ಬಳಿದ್ದಾಳೆ, ಹಾಲು ಮಾರುವವಳು. ಭಾರವಾದ ಬಕೆಟ್ಟು ಹಿಡಿದು ಹಾದುಹೋಗುತ್ತಿದ್ದಾಳೆ. ತೂಗುವ ಭಾರಕ್ಕೆ ಸರಿಯಾಗಿ ಅವಳ ಇನ್ನೊಂದು ತೋಳು ಹೊರಕ್ಕೆ ಚಾಚಿದೆ. ಆ ಬಕೆಟ್ಟು ತುಂಬಿದೆ ಎಂದು ನಮಗೆ ಗೊತ್ತಾಗುವುದು ಆ ತೋಳಿನಿಂದಲೇ. ಕಲಿಯುವ ಮಗುವೂ ನುರಿತ ಹೆಂಗಸೂ ಒಂದೇ ಹಾಳೆಯಲ್ಲಿ ಸಮತೋಲ ಹುಡುಕುತ್ತಿದ್ದಾರೆ. ಮನೆಯವರಿಗೆ ದೊಡ್ಡ ಸಂಗತಿ, ಬೀದಿಗೆ ಎಂದಿನ ದಿನ. ಅವಳಿಲ್ಲದಿದ್ದರೆ ಇದು ಮೂವರು ಸೇರಿ ಮಗು ನಡೆಸುವ ಮುದ್ದಾದ ಚಿತ್ರ ಮಾತ್ರ ಆಗಿರುತ್ತಿತ್ತು.