ಹೊಸ್ತಿಲ ಮರ್ಯಾದೆ



ನಮ್ಮ ಕರ್ನಾಟಕದ ಎಷ್ಟೋ ಮಕ್ಕಳು ಡಾಕ್ಟರಿಕೆ ಓದಲು ರಷ್ಯಾಕ್ಕೆ ಹೋಗುತ್ತಾರೆ. ಪಾಠ ಇಂಗ್ಲಿಷಿನಲ್ಲಿದ್ದರೂ ಆಸ್ಪತ್ರೆಯ ಮಂಚದ ಪಕ್ಕ ನಿಂತಾಗ ರೋಗಿಯೊಡನೆ ರಷ್ಯನ್ನಿನಲ್ಲೇ ಮಾತಾಡಬೇಕು. ವ್ಯಾಕರಣ ತಪ್ಪಿದರೆ ಅಜ್ಜಿ ನಕ್ಕು ತಿದ್ದಿಯಾಳು, ಮರ್ಯಾದೆ ತಪ್ಪಿದರೆ ಮುಖ ತಿರುಗಿಸುತ್ತಾಳೆ.

ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಹಿರಿಯರು ಎದುರಾದರೆ 'ಬರ್ರಿ ಯಜಮಾನ್ರೇ' ಎನ್ನುವ ನಮ್ಮ ಮಕ್ಕಳಿಗೆ ಇದು ಕಷ್ಟವಲ್ಲ. ನೀನು, ನೀವು ಎಂಬ ಭೇದ ಅಲ್ಲಿಯೂ ಇದೆ. ಆದರೆ ಒಂದು ರೂಢಿ ನಮಗೆ ತೀರಾ ಹೊಸದು. ಗುರುಗಳನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಉದ್ಧಟತನ. ಅಲ್ಲಿ ಹೆಸರು ಹಿಡಿದು ಕರೆಯುವುದೇ ಗೌರವ, ಜೊತೆಗೆ ತಂದೆಯ ಹೆಸರು ಸೇರಿರಬೇಕು, ಅಷ್ಟೇ. ಪ್ಯೋತರನ ಮಗಳು ಅನ್ನಾ ಮೇಡಂ ಆಗುವುದಿಲ್ಲ, 'ಅನ್ನಾ ಪೆತ್ರೋವ್ನಾ' ಆಗುತ್ತಾರೆ. ತಂದೆಯನ್ನೂ ನೆನೆದು ಕರೆಯುವ ಈ ಪದ್ಧತಿ ನನಗೆ ಬಹಳ ಇಷ್ಟ.

ಅಲ್ಲಿ ಯಾರ ಮನೆಗಾದರೂ ಹೋದರೆ ಚಪ್ಪಲಿ ಕಳಚಿಡಬೇಕು, ನಮ್ಮ ಹಾಗೆಯೇ. ಹೊಸ್ತಿಲ ಆಚೆ ಈಚೆ ನಿಂತು ಕೈ ಕುಲುಕಬಾರದು. ಹೊಸ್ತಿಲ ಮೇಲೆ ಕೊಡು-ಕೊಳ್ಳು ಬೇಡವೆಂದು ನಮ್ಮ ಅಜ್ಜಿಯರೂ ಹೇಳುತ್ತಾರಲ್ಲ! ಹೂವು ಒಯ್ದರೆ ಮೂರೋ ಐದೋ ಇರಲಿ, ಸಮಸಂಖ್ಯೆ ಸಾವಿನ ಮನೆಗೆ. ಅಂಗಡಿಯವಳು ನಗಲಿಲ್ಲವೆಂದು ನೊಂದುಕೊಳ್ಳಬೇಡಿ, ಅಪರಿಚಿತರಿಗೆ ನಗುವುದು ಅಲ್ಲಿ ರೂಢಿಯಲ್ಲ.

ಮಗ, ಮಗಳನ್ನು ಕಳಿಸುವ ತಂದೆತಾಯಿಗಳೇ, ಉಪ್ಪಿನಕಾಯಿ ಕಟ್ಟುವಾಗ ಇದಿಷ್ಟನ್ನೂ ಹೇಳಿ ಕಳಿಸಿ.