ಕಸಬು ಕಲಿಯುವ ಮಕ್ಕಳು ನಡುವೆಯೇ ಬಿಡುವುದೇಕೆ?

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾಡುನುಡಿಯ ಹಿರಿಮೆಯನ್ನು ಹೇಳುವುದು ವಾಡಿಕೆ. ನಾವಾದರೋ ಮನೆಯ ಮಾತೊಂದನ್ನು ಅರಿಕೆ ಮಾಡಿಕೊಳ್ಳಬಯಸುತ್ತೇವೆ.

1950ರಲ್ಲಿ ನಮ್ಮ ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಮೊದಲಾಯಿತು; 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದಿತು. ಐ.ಟಿ.ಐ.ಯಲ್ಲಿ ಎರಡು ವರ್ಷ ಫಿಟ್ಟರ್ ಕೆಲಸ ಕಲಿತು, ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತ ಪಳಗಿದ ಹುಡುಗನಿಗೆ ನಮ್ಮ ಪಿಂಪರಿ-ಚಿಂಚವಡದಲ್ಲಿ ಅನ್ನಕ್ಕೆ ದಾರಿಯುಂಟು. ಆದರೂ ಕೆಲವರು ನಡುವೆಯೇ ಬಿಡುತ್ತಾರೆ.

ನಮ್ಮ ನೆರೆಮನೆಯ ಹುಡುಗನೊಬ್ಬನು ಕಲಬುರಗಿ ಕಡೆಯ ಹಳ್ಳಿಯಲ್ಲಿ ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದವನು. ಇಲ್ಲಿ ಪಾಠವೆಲ್ಲ ಮರಾಠಿ. ತಿಳಿಯದ್ದನ್ನು ಕೇಳಿದರೆ ಜೊತೆಯವರು ನಕ್ಕಾರೆಂದು ಅವನು ಕೇಳಲಿಲ್ಲ. ಪಾಠದಲ್ಲಿ ಹಿಂದೆ ಬಿದ್ದವನು ಎದೆಗಾರಿಕೆಯಲ್ಲಿ ಮುಂದಾಗಹೊರಟ. ಸಡಿಲ ತೋಳಿನ ಅಂಗಿ ತೊಟ್ಟು ಲೇತಿನ ಮುಂದೆ ನಿಂತ. ಕನ್ನಡಕವಿಲ್ಲದೆ ಸಾಣೆ ಹಿಡಿದ. ಒಂದು ದಿನ ಚಕ್ಕಿನ ಕೀಲಿಯನ್ನು ತೆಗೆಯದೆಯೇ ಯಂತ್ರವನ್ನು ನಡೆಸಿದ. ಕೀಲಿ ಸಿಡಿದು ಪಕ್ಕದವನ ಕಿವಿಯ ಬಳಿ ಹಾಯಿತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಮರುದಿನದಿಂದ ಹುಡುಗ ಅತ್ತ ಸುಳಿಯಲಿಲ್ಲ.

ತಾಯಿ ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿಯೊಡನೆ ದಿನವೂ ಹೊರಡುತ್ತಿದ್ದ, ಸಂಜೆಗೆ ಮರಳುತ್ತಿದ್ದ. ಮನೆಯವರಿಗೆ ತಿಳಿಯುವ ಹೊತ್ತಿಗೆ ಪರೀಕ್ಷೆಗೆ ಬೇಕಾದ ಹಾಜರಿ ಕೈಮೀರಿತ್ತು.

ಬಂಧುಗಳೆ, ಅವನನ್ನು ಹಗಲು ಹನ್ನೊಂದು ಗಂಟೆಗೆ ರೈಲು ನಿಲ್ದಾಣದಲ್ಲಿ ನಾವು ಎರಡು ಸಲ ಕಂಡಿದ್ದೆವು. ಪರರ ಮನೆಯ ವಿಚಾರ ನಮಗೇಕೆಂದು ಸುಮ್ಮನಾದೆವು. ನಾವು ಬ್ಯಾಂಕಿನ ಗುಮಾಸ್ತರು. ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೆ ಸಿಗುವ ತನಕ ಹುಡುಕುವವರು. ಒಬ್ಬ ಹುಡುಗ ತಪ್ಪಿದ್ದನ್ನು ಕಂಡೂ ಕೇಳಲಿಲ್ಲ!

ಹಣವಿಲ್ಲವೆಂದು ಬಿಡುವವರಿಗೆ ದಾರಿಯಿದೆ. 2015ರಲ್ಲಿ ಕಸಬಿನ ಕಲಿಕೆಗೆಂದೇ ಬ್ಯಾಂಕು ಸಾಲದ ಯೋಜನೆ ಬಂದಿತು. 2024ರಲ್ಲಿ ಅದರ ಮಿತಿ ಒಂದೂವರೆ ಲಕ್ಷದಿಂದ ಏಳೂವರೆ ಲಕ್ಷಕ್ಕೇರಿತು. ಅರ್ಜಿ ತುಂಬಿಕೊಡಲು ನಾವಿದ್ದೇವೆ. ಆದರೆ ನಾಚಿಕೆಗೂ ಅಂಜಿಕೆಗೂ ಯಾವ ಬ್ಯಾಂಕೂ ಸಾಲ ಕೊಡದು. ಅದಕ್ಕೆ ನಾವೇ ಆಗಬೇಕು.

ಆದುದರಿಂದ ನಮ್ಮ ಕೋರಿಕೆ ಎರಡು. ತಂದೆತಾಯಂದಿರು ತಿಂಗಳಿಗೊಮ್ಮೆ ತರಬೇತಿ ಶಾಲೆಗೆ ಹೋಗಿ ಹಾಜರಿ ವಿಚಾರಿಸಲಿ. ನಮ್ಮಲ್ಲಿ ಕಾರ್ಖಾನೆಯ ಅನುಭವಿಗಳಿದ್ದಾರೆ. ಭಾನುವಾರ ಒಂದು ತಾಸು ಈ ಸಂಘದ ಕೋಣೆಯಲ್ಲಿ ಕುಳಿತು, ಮರಾಠಿಯಲ್ಲಿ ತಿಳಿಯದುದನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಮೊದಲ ಪಾಠ ಚಕ್ಕಿನ ಕೀಲಿಯದೇ ಆಗಲಿ.

ಆ ಹುಡುಗ ಈಗ ಪಾರ್ಸೆಲ್ ಹಂಚುತ್ತಿದ್ದಾನೆ. ಬರುವ ವರ್ಷ ಮತ್ತೆ ಅರ್ಜಿ ಹಾಕಲು ಒಪ್ಪಿದ್ದಾನೆ. "ಭಾನುವಾರ ಯಾರು ಕಲಿಸ್ತಾರ್ರೀ ಅಣ್ಣಾರ?" ಎಂದು ಕೇಳಿದ್ದಾನೆ. ಉತ್ತರವನ್ನು ತಮ್ಮಿಂದ ಬೇಡಿ ವಿರಮಿಸುತ್ತೇವೆ.