ನಾವಿಬ್ಬರು ಮಡಿಕೇರಿ ಕೋಟೆ ನೋಡಿದ್ದು

(ಸಂಪಾಜೆಯಲ್ಲಿ ನವಸಾಕ್ಷರ ಮಹಿಳೆಯರ ಕೂಟದಲ್ಲಿ ಆಡಿದ ಮಾತು)



ನಾವು ಭಾಷಣ ಮಾಡುವವರಲ್ಲ. ಮಡಿಕೇರಿ ಕೋಟೆ ನೋಡಿ ಬಂದ ಸಂಗತಿ ಹೇಳುತ್ತೇವೆ. ಅಷ್ಟೆ.

ನಾವಿಬ್ಬರು ಇದೇ ಸಂಪಾಜೆಯವರು. ಸಣ್ಣಂದಿನಿಂದ ಗೆಳತಿಯರು. ಒಬ್ಬಳು ಅಡಿಕೆ ತೋಟದ ಮನೆಯವಳು. ಇನ್ನೊಬ್ಬಳು ಕಾಲೊನಿಯವಳು. ಅವಳ ಅಮ್ಮ ಆ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದರು. ಅಮ್ಮನ ಹಿಂದೆ ಮಗಳೂ ಬರುತ್ತಿದ್ದಳು. ಅಡಿಕೆ ಹಾಳೆಯ ಮೇಲೆ ಒಬ್ಬಳು ಕೂತರೆ ಇನ್ನೊಬ್ಬಳು ಎಳೆಯುವುದು. ಹೊಳೆಯಲ್ಲಿ ಒಟ್ಟಿಗೆ ಮೀನು ಹಿಡಿಯುವುದು. ಹಾಗೆ ಬೆಳೆದೆವು.

ಆದರೆ ಅಂಗಳಕ್ಕೆ ಬಂದರೆ ಆಟ ಮುಗಿಯಿತು. ಒಬ್ಬಳಿಗೆ ಮನೆಯೊಳಗೆ ಲೋಟದಲ್ಲಿ ಚಹಾ. ಇನ್ನೊಬ್ಬಳಿಗೆ ಅಂಗಳದ ಮೂಲೆಯಲ್ಲಿ ತೆಂಗಿನ ಗೆರಟೆಯಲ್ಲಿ ಚಹಾ. ತೋಟದಲ್ಲಿ ಇಬ್ಬರೂ 'ನೀನು'. ಅಂಗಳದಲ್ಲಿ ಒಬ್ಬಳು 'ನೀವು', ಒಬ್ಬಳು 'ನೀನು'. ಯಾಕೆ ಎಂದು ನಾವು ಕೇಳಲಿಲ್ಲ.

ಇಬ್ಬರಿಗೂ ಇದೇ ಊರಿನೊಳಗೆ ಮದುವೆಯಾಯಿತು. ಕಾಲ ಬದಲಾಯಿತು. ಗೆರಟೆ ಹೋಯಿತು. ಅದರ ಬದಲು ಒಂದು ಸ್ಟೀಲ್ ಲೋಟ ಬಂತು. ಅದು ಕೆಲಸದವರಿಗೆಂದೇ ಇಟ್ಟದ್ದು. ತೊಳೆದು ಹಿತ್ತಿಲ ಕಿಟಕಿಯಲ್ಲಿ ಕವುಚಿ ಇಡಬೇಕು.

2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದದ್ದು ನಿಮಗೆಲ್ಲ ಗೊತ್ತುಂಟು. ಆಗ ಪರಿಹಾರ ಕೇಂದ್ರದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಯಾರ ಜಾತಿಯೂ ಕೆಡಲಿಲ್ಲ. ಮಳೆ ಬಿಟ್ಟಿತು. ಲೋಟ ಮತ್ತೆ ಕಿಟಕಿಗೆ ಹೋಯಿತು.

ಈಚೆಗೆ ನಾವಿಬ್ಬರೂ ಓದುವ ತರಗತಿಗೆ ಸೇರಿದೆವು. ಒಂದೇ ಚಾಪೆಯಲ್ಲಿ ಕೂತು ಅಕ್ಷರ ಕಲಿತೆವು. ಕಲಿತ ಮೇಲೆ ಎಲ್ಲಿಗಾದರೂ ಹೋಗಬೇಕು ಅನಿಸಿತು. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ ಎಂದಾಯಿತಲ್ಲ. ಆಧಾರ್ ಕಾರ್ಡು ಹಿಡಿದು ಘಟ್ಟ ಹತ್ತಿದೆವು. ಒಂದೇ ಸೀಟಿನಲ್ಲಿ ಕೂತೆವು.

ಕೋಟೆಯ ಒಳಗೆ ಅರಮನೆ ಉಂಟು. ಎರಡು ದೊಡ್ಡ ಆನೆಗಳ ಪ್ರತಿಮೆ ಉಂಟು. ಬ್ರಿಟಿಷರು ಕಟ್ಟಿದ ಒಂದು ಚರ್ಚು ಉಂಟು. ಅದು ಈಗ ಸರಕಾರದ ವಸ್ತುಸಂಗ್ರಹಾಲಯ. ಆ ಪದವನ್ನು ಕೂಡಿಸಿ ಓದುವಾಗ ನಮಗೆ ಬೆವರು ಬಂತು! ಒಳಗೆ ಕಲ್ಲಿನ ಮೂರ್ತಿಗಳು, ಹಳೆಯ ಆಯುಧಗಳು.

ಆ ಕೋಟೆಗೂ ನಮ್ಮ ಸುಳ್ಯಕ್ಕೂ ಸಂಬಂಧ ಉಂಟು. ಟೀಚರ್ ನಮಗೆ ಮೊದಲೇ ಹೇಳಿದ್ದರು. ಸುಳ್ಯದ ಕಡೆ ಹಿಂದೆ ಕೊಡಗಿನ ಅರಸರ ಕೈಕೆಳಗೆ ಇತ್ತು. 1834ರಲ್ಲಿ ಬ್ರಿಟಿಷರು ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದರು. ನಮ್ಮ ಕಡೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಮೊದಲು ಬೆಳೆದ ಬೆಳೆಯನ್ನೇ ಕಂದಾಯವಾಗಿ ಕೊಡಬಹುದಿತ್ತು. ಬ್ರಿಟಿಷರು ದುಡ್ಡೇ ಬೇಕು ಎಂದರು. ರೈತರ ಕೈಯಲ್ಲಿ ದುಡ್ಡೆಲ್ಲಿ? 1837ರಲ್ಲಿ ಜನ ದಂಗೆ ಎದ್ದರು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳುಗಳಲ್ಲಿ ಒಬ್ಬರು. ದಂಗೆಯವರು ಮಂಗಳೂರಿಗೆ ಹೋಗಿ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಕೊನೆಗೆ ಬ್ರಿಟಿಷರು ದಂಗೆ ಅಡಗಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಇದೇ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದನ್ನೆಲ್ಲ ನೆನೆಯುತ್ತಾ ನಿಂತಿದ್ದಾಗ ಕಾಲೊನಿಯವಳು ಕೇಳಿದಳು: "ಅಷ್ಟು ಜನ ನಡೆದು ಹೋದರಲ್ಲ. ಅವರ ಅಕ್ಕಿ ಮೂಟೆ ಹೊತ್ತವರು ಯಾರು? ಗಂಜಿ ಬೇಯಿಸಿದವರು ಯಾರು? ಅವರ ಹೆಸರು ಎಲ್ಲಿ ಉಂಟು? ಕತ್ತಿ ಇಟ್ಟಿದ್ದಾರೆ, ಮೂರ್ತಿ ಇಟ್ಟಿದ್ದಾರೆ. ನನ್ನ ಅಮ್ಮ ಚಹಾ ಕುಡಿದ ಗೆರಟೆ ಯಾಕೆ ಇಲ್ಲ?"

ತೋಟದ ಮನೆಯವಳು ಮೆಲ್ಲಗೆ ಹೇಳಿದಳು: "ಗೆರಟೆಯನ್ನೂ ಇಡಬೇಕಿತ್ತು. ಆ ಸ್ಟೀಲ್ ಲೋಟವನ್ನೂ ಇಡಬೇಕು."

"ಇಲ್ಲಿ ಇಡುವುದು ಹಳೆಯ ಕಾಲದ ವಸ್ತು ಮಾರಾಯ್ತಿ. ಆ ಲೋಟ ಇನ್ನೂ ಹಳತಾಗಲಿಲ್ಲ."

ಇಬ್ಬರಿಗೂ ನಗು ಬಂತು. ಮತ್ತೆ ಒಬ್ಬಳಿಗೆ ಕಣ್ಣಲ್ಲಿ ನೀರು ಬಂತು. ಯಾರಿಗೆ ಎಂದು ಕೇಳಬೇಡಿ.

ಹೊರಗೆ ಬಂದು ಹೋಟೆಲಿನಲ್ಲಿ ಒಂದೇ ಮೇಜಿನಲ್ಲಿ ಕೂತು ಕಾಫಿ ಕುಡಿದೆವು. ಅಲ್ಲಿ ಎಲ್ಲರಿಗೂ ಒಂದೇ ತರದ ಲೋಟ. ಇದು ಹೋಟೆಲಿನವರ ಉಪಕಾರ ಅಲ್ಲ, ಕಾನೂನು. ನಮ್ಮ ದೇಶದ ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಹೋಟೆಲಿನಲ್ಲಿ ಸರಿ ಇರುವುದು ಮನೆಯಲ್ಲಿ ತಪ್ಪು ಹೇಗಾಗುತ್ತದೆ?

ಮಾರನೇ ದಿನ ತೋಟದ ಮನೆಯವಳು ಕಿಟಕಿಯ ಲೋಟವನ್ನು ತೆಗೆದು, ತೊಳೆದು, ಮನೆಯ ಲೋಟಗಳ ಜೊತೆ ಇಟ್ಟಳು. ನಾವಿಬ್ಬರೂ ಜಗಲಿಯಲ್ಲಿ ಕೂತು ಚಹಾ ಕುಡಿದೆವು. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಮಾತಾಡಿದರು. ಆದರೆ ತಮಗೆಂದು ಬೇರೆ ಲೋಟ ಇಟ್ಟುಕೊಂಡರು. ಇರಲಿ, ಪ್ರಾಯದವರು. ನಾವು ಜಗಳ ಮಾಡಲಿಲ್ಲ. ಲೋಟವನ್ನು ಮತ್ತೆ ಕಿಟಕಿಗೂ ಇಡಲಿಲ್ಲ.

ಅಕ್ಕಂದಿರೇ, ನೀವೂ ಒಮ್ಮೆ ಕೋಟೆಗೆ ಹೋಗಿ. ಒಬ್ಬರೇ ಹೋಗಬೇಡಿ, ಗೆಳತಿಯನ್ನು ಕರೆದುಕೊಂಡು ಹೋಗಿ. ಬೋರ್ಡುಗಳನ್ನು ನಿಧಾನಕ್ಕೆ ಓದಿ. ಬೋರ್ಡಿನಲ್ಲಿ ಯಾರ ಹೆಸರಿಲ್ಲ ಎಂದೂ ಕೇಳಿ. ಮನೆಗೆ ಬಂದ ಮೇಲೆ ನಿಮ್ಮ ಹಿತ್ತಿಲ ಕಿಟಕಿಯನ್ನು ಒಮ್ಮೆ ನೋಡಿ.

ನಮ್ಮ ಮಾತು ಇಷ್ಟೆ.